ಅಲಾಯ್ ವೀಲಿಗೊಂದು ಪ್ಲಾಸ್ಟಿಕ್ ಮುಟ್ಟಾಳೆ

"ಭಟ್ರೇ, ಇದೆಂತ ಅವಸ್ಥೆ? ಅಲಾಯ್ ವೀಲಿಗೆ ಯಾರಾದ್ರೂ ಕಪ್ ಹಾಕ್ತಾರಾ?"

ಕುಂಬಳೆಯ ಪಂಚರ್ ಅಂಗಡಿಯ ಹುಡುಗ ನಗುತ್ತಾ ಕೇಳಿದ. ಅವನ ಕೈಯಲ್ಲಿ ನನ್ನ ಕಾರಿನ ವೀಲ್ ಕಪ್ ಇತ್ತು. ಬೂದು ಬಣ್ಣದ ಪ್ಲಾಸ್ಟಿಕ್, ಊಟದ ಬಟ್ಟಲಿನಷ್ಟು ಹಗುರ. ಅದನ್ನು ಕಿತ್ತ ಜಾಗದಲ್ಲಿ ಕಾಣುತ್ತಿದ್ದದ್ದು ಒಳ್ಳೆಯ ಅಲಾಯ್ ಚಕ್ರ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ನಾನೂ ಮೊದಲ ಸಲ ನೋಡಿದ್ದು ಆಗಲೇ. ಕಾರು ನನ್ನ ಕೈಗೆ ಬಂದು ಆಗ ಎಂಟು ತಿಂಗಳು!

ಕಾರು ಭಾವನದ್ದು. ಬೆಂಗಳೂರು ಬಿಟ್ಟು ಹೊರದೇಶಕ್ಕೆ ಹೊರಟಾಗ "ನೀನೇ ಇಟ್ಕೋ" ಅಂತ ಸಲೀಸು ರೇಟಿಗೆ ಕೊಟ್ಟರು. ಟೊಯೊಟಾ ಪ್ರಿಯಸ್, ಮೂರನೇ ತಲೆಮಾರಿನದ್ದು. ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟಿನ ಮೋಟಾರೂ ಇರುವ ಕಾರು. ನಮ್ಮೂರು ನೀರ್ಚಾಲಿನಲ್ಲಿ ಅಂಥ ಕಾರು ಇನ್ನೊಂದಿಲ್ಲ. ಸ್ಟಾರ್ಟ್ ಮಾಡಿದರೆ ಶಬ್ದವೇ ಇಲ್ಲ, ಅಂಗಳದ ನಾಯಿ ಎದ್ದು ದಾರಿ ಬಿಡುವುದೂ ಇಲ್ಲ.

ನಮ್ಮ ಕಡೆ ಲೆಕ್ಕ ಸರಳ. ಕಬ್ಬಿಣದ ಚಕ್ರ ಇದ್ದರೆ ಕಪ್ ಹಾಕಬೇಕು, ಯಾಕೆಂದರೆ ಅದು ಚಂದ ಇಲ್ಲ. ದುಡ್ಡು ಜಾಸ್ತಿ ಕೊಟ್ಟವರಿಗೆ ಅಲಾಯ್, ಅದಕ್ಕೆ ಕಪ್ ಬೇಡ. ದುಡ್ಡು ಕೊಟ್ಟು ಅಲಾಯ್ ತಗೊಂಡು ಅದರ ಮೇಲೆ ಪ್ಲಾಸ್ಟಿಕ್ ಮುಚ್ಚುವುದು ಅಂದರೆ, ರೇಷ್ಮೆ ಸೀರೆ ಉಟ್ಟು ಮೇಲೆ ನೈಟಿ ಹಾಕಿದ ಹಾಗೆ. ಹುಡುಗನಿಗೆ ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಸುಮ್ನೆ ನಕ್ಕೆ.

ರಾತ್ರಿ ಭಾವನಿಗೆ ಫೋನ್ ಮಾಡಿದೆ. ಅವರು ಮೆಕ್ಯಾನಿಕಲ್ ಎಂಜಿನಿಯರ್. "ಮಜ್ಜಿಗೆ ಕಡೆಯುವ ಕಡಗೋಲು ನೋಡಿದ್ದೀಯಲ್ಲ? ಚಕ್ರದ ಕಡ್ಡಿಗಳೂ ಹಾಗೆಯೇ, ಗಾಳಿಯನ್ನು ಕಡೆಯುತ್ತವೆ" ಅಂದರು. ಸಾಮಾನ್ಯ ಕಾರಿಗೆ ಗಾಳಿಯಿಂದ ಬರುವ ತಡೆಯಲ್ಲಿ ಸುಮಾರು ಕಾಲು ಭಾಗ ಬರೀ ಚಕ್ರ ಮತ್ತು ಚಕ್ರದ ಗೂಡಿನಿಂದ ಅಂತೆ. ಮೇಲೆ ಚಪ್ಪಟೆ ಮುಚ್ಚಳ ಹಾಕಿದರೆ ಗಾಳಿ ಕಾರಿನ ಬದಿಯಲ್ಲಿ ನೇರ ಜಾರಿ ಹೋಗುತ್ತದೆ. ಪ್ರಿಯಸ್ ಮಾಡಿದವರು ಇಂಥ ಚಿಲ್ಲರೆಗಳನ್ನೆಲ್ಲ ಕೂಡಿಸಿಯೇ ಗಾಳಿತಡೆಯ ಅಂಕಿಯನ್ನು 0.25ಕ್ಕೆ ಇಳಿಸಿದ್ದು. 1999ರ ಹೋಂಡಾ ಇನ್‌ಸೈಟ್‌ನಲ್ಲಂತೂ ಹಿಂದಿನ ಚಕ್ರವನ್ನೇ ಬಾಡಿಯ ತಗಡಿನಿಂದ ಅರ್ಧ ಮುಚ್ಚಿಬಿಟ್ಟಿದ್ದರು. ಫೋಟೋ ನೋಡಿದೆ. ಲಂಗ ಉಡಿಸಿದ ಹಾಗೆ ಇದೆ.

ಹಾಗಿದ್ದರೆ ಕಬ್ಬಿಣದ ಚಕ್ರಕ್ಕೇ ಮುಚ್ಚಳ ಹಾಕಬಹುದಿತ್ತಲ್ವಾ? ಅಲಾಯ್ ಯಾಕೆ?

ಹಗುರಕ್ಕೆ. ಚಕ್ರ ಹಗುರ ಇದ್ದರೆ ಹೊರಡುವಾಗ ತಿರುಗಿಸುವ ಶ್ರಮ ಕಮ್ಮಿ, ಹೊಂಡಕ್ಕೆ ಬಿದ್ದಾಗ ಕುಲುಕಾಟವೂ ಕಮ್ಮಿ. ಅಂದರೆ ಅಲಾಯ್ ಇರುವುದು ತೂಕಕ್ಕೆ, ಪ್ಲಾಸ್ಟಿಕ್ ಇರುವುದು ಗಾಳಿಗೆ. ಚಂದದ ವಿಷಯ ಯಾರೂ ಕೇಳಲೇ ಇಲ್ಲ. ಅಡಿಕೆ ಹಾಳೆಯ ಟೊಪ್ಪಿ, ಅದೇ ಮುಟ್ಟಾಳೆ, ತಲೆಗಿಟ್ಟುಕೊಂಡು ತೋಟಕ್ಕೆ ಇಳಿದವನೂ ಕನ್ನಡಿ ನೋಡಿಕೊಂಡು ಬಂದವನಲ್ಲ. ಟೆಸ್ಲಾ ಮಾಡೆಲ್ 3ರ 18 ಇಂಚಿನ ಚಕ್ರಕ್ಕೂ ಇದೇ ರೀತಿ ಪ್ಲಾಸ್ಟಿಕ್ ಇದೆಯಂತೆ. ಅಲ್ಲಿಯೂ ಜನ ಕಿತ್ತು ಶೆಡ್ಡಲ್ಲಿ ಇಡುತ್ತಾರಂತೆ, ಕೆಳಗಿನದ್ದು ಚಂದ ಅಂತ.

ನನಗೆ ಹೆಚ್ಚು ಇಷ್ಟವಾದದ್ದು ಬ್ರೇಕಿನ ಕಥೆ. ಮಾಮೂಲಿ ಕಾರಿನಲ್ಲಿ ಚಕ್ರವನ್ನು ಇಷ್ಟು ಮುಚ್ಚಲು ಯೋಚನೆ ಮಾಡಬೇಕು, ಬ್ರೇಕ್ ಪ್ಯಾಡ್ ಉಜ್ಜಿ ಡಿಸ್ಕ್ ಬಿಸಿಯಾದರೆ ಗಾಳಿ ಬೇಕಲ್ಲ. ಹೈಬ್ರಿಡ್‌ನಲ್ಲಿ ಬ್ರೇಕ್ ಒತ್ತಿದಾಗ ಮೊದಲು ಕೆಲಸ ಮಾಡುವುದು ಮೋಟಾರು. ಅದು ಜನರೇಟರ್ ಆಗಿ ತಿರುಗಿ, ಕಾರಿನ ಓಟವನ್ನು ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತದೆ. ಜೋರಾಗಿ ಒತ್ತಿದರೆ ಅಥವಾ ಪೂರ್ತಿ ನಿಲ್ಲುವಾಗ ಮಾತ್ರ ಪ್ಯಾಡಿಗೆ ಹೆಚ್ಚು ಕೆಲಸ. ಹಾಗಾಗಿ ಡಿಸ್ಕ್ ಅಷ್ಟು ಬಿಸಿಯಾಗುವುದಿಲ್ಲ. ನಮ್ಮ ಮಳೆಗೆ ಬಿಸಿಗಿಂತ ತುಕ್ಕಿನ ಭಯವೇ ಜಾಸ್ತಿ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಎರಡು ದಿನ ನಿಲ್ಲಿಸಿದ ಕಾರು ಹೊರಡುವಾಗ ಕರಕರ ಅನ್ನುತ್ತದೆ.

ಲಾಭ ಎಷ್ಟು ಅಂತ ನೋಡುವ ಹುಚ್ಚು ಹಿಡಿಯಿತು. ನಾನು ದಿನಾ ಮಂಗಳೂರಿಗೆ ಹೋಗಿ ಬರುವವನು. ನೀರ್ಚಾಲಿನಿಂದ ಸೀತಾಂಗೋಳಿ, ಕುಂಬಳೆ, ಅಲ್ಲಿಂದ ಹೈವೇಯಲ್ಲಿ ಉಪ್ಪಳ, ಹೊಸಂಗಡಿ, ತಲಪಾಡಿ. ಒಂದು ಟ್ಯಾಂಕ್ ಪೆಟ್ರೋಲ್ ಕಪ್ ಇಟ್ಟು ಓಡಿಸಿದೆ, ಒಂದು ಟ್ಯಾಂಕ್ ಕಪ್ ತೆಗೆದು. ಲೀಟರಿಗೆ ಅರ್ಧ ಕಿಲೋಮೀಟರ್ ವ್ಯತ್ಯಾಸ ಬಂತು. ಅದೂ ಎರಡನೇ ಟ್ಯಾಂಕಿನ ಅರ್ಧದಲ್ಲಿ ಮಳೆ ಹಿಡಿದಿತ್ತು, ಎಸಿ ಜಾಸ್ತಿ ಓಡಿತ್ತು. ಹಾಗಾಗಿ ಈ ಲೆಕ್ಕವನ್ನು ನಾನೇ ನಂಬುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 40ರಲ್ಲಿ ಇದ್ದದ್ದು 80ಕ್ಕೆ ಹೋದರೆ ನಾಲ್ಕು ಪಾಲು. ಆರು ಲೇನಿನ ಹೈವೇಯಲ್ಲಿ ಕಪ್ ಏನಾದರೂ ದುಡಿಯುತ್ತಿರಬಹುದು. ನಮ್ಮ ತೋಟದ ದಾರಿಯಲ್ಲಿ ಅದು ಬರೀ ಪ್ರಯಾಣಿಕ.

ಅಲ್ಲ, ಪೂರ್ತಿ ಹಾಗೂ ಹೇಳಲಾಗದು. ಅಂಗಳಕ್ಕೆ ತಿರುಗುವಲ್ಲಿ ಮುರಕಲ್ಲಿನ ಕಟ್ಟೆ ಇದೆ. ಎಡಬದಿಯ ಎರಡು ಕಪ್ಪಿನ ಮೇಲೂ ಗೀರು. ಆ ಗೀರು ಅಲಾಯ್‌ಗೆ ಬಿದ್ದಿದ್ದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಇದರ ಜೊತೆಗೆ ಉಪದ್ರವೂ ಇದೆ. ಜೂನಿನಲ್ಲಿ ಸ್ಟೀರಿಂಗ್ ನಡುಗಲು ಶುರುವಾಯಿತು. ಬ್ಯಾಲೆನ್ಸಿಂಗ್ ಮಾಡಿಸಬೇಕು ಅಂದುಕೊಂಡೆ. ಕಪ್ ಕಿತ್ತು ನೋಡಿದರೆ ಒಳಗೆ ಒಂದು ಕಡೆ ಕೆಂಪು ಮಣ್ಣು ಮುದ್ದೆಯಾಗಿ ಕೂತು ಒಣಗಿದೆ, ಜೊತೆಗೆ ಅಡಿಕೆ ಸಿಪ್ಪೆಯ ಚೂರು. ತೊಳೆದೆ, ನಡುಕ ಹೋಯಿತು.

ತೊಳೆದವನು ವಾಪಸ್ ಹಾಕುವಾಗ ತಪ್ಪಿದೆ. ಕಪ್ಪಿನಲ್ಲಿ ಗಾಳಿ ತುಂಬುವ ನಾಬ್‌ಗೆ ಒಂದು ಜಾಗ ಬಿಟ್ಟಿರುತ್ತಾರೆ, ಅದು ಸರಿಯಾಗಿ ಕೂತರೆ ಮಾತ್ರ ಕ್ಲಿಪ್ಪುಗಳೆಲ್ಲ ಕಚ್ಚುತ್ತವೆ. ನಾನು ಅಂಗೈಯಲ್ಲಿ ನಾಲ್ಕು ಗುದ್ದು ಗುದ್ದಿ ಆಯ್ತು ಅಂದುಕೊಂಡೆ. ಮರುದಿನ ಮಂಗಳೂರಲ್ಲಿ ಇಳಿದು ನೋಡಿದರೆ ಮೂರೇ ಕಪ್.

ಸಂಜೆ ಬರುವಾಗ ಚರಂಡಿ ನೋಡುತ್ತಾ ನಿಧಾನ ಬಂದೆ. ಸೀತಾಂಗೋಳಿ ದಾಟಿದ ಮೇಲೆ ಒಂದು ಮನೆಯ ಬೇಲಿಯ ಗೂಟಕ್ಕೆ ಕಪ್ ನೇತುಹಾಕಿದ್ದರು, ದಾರಿಗೆ ಕಾಣುವ ಹಾಗೆ. ಅಂಗಳದಲ್ಲಿದ್ದ ಅಮ್ಮ "ನಿಮ್ಮದಾ? ಬೆಳಿಗ್ಗೆ ಉರುಳಿಕೊಂಡು ಬಂತು, ಹೇಂಟೆ ಹೆದರಿತು" ಅಂದರು. ಕಪ್ಪಿನ ಪರವಾಗಿ ನಾನು ಹೇಂಟೆಯ ಕ್ಷಮೆ ಕೇಳಿದೆ.

ಎರಡು ಕ್ಲಿಪ್ ಮುರಿದಿತ್ತು. ಈಗ ಆ ಕಪ್ಪನ್ನು ಕರಿ ಕೇಬಲ್ ಟೈ ಹಾಕಿ ಅಲಾಯ್‌ನ ಕಡ್ಡಿಗೆ ಕಟ್ಟಿದ್ದೇನೆ. ದೂರದಿಂದ ಕಾಣುವುದಿಲ್ಲ. ಕಳೆದ ವಾರ ಅದೇ ಚಕ್ರ ಪಂಚರ್. ಕುಂಬಳೆಯ ಹುಡುಗ ಬಗ್ಗಿ ನೋಡಿದ, ನನ್ನ ಮುಖ ನೋಡಿದ, ಏನೂ ಹೇಳದೆ ಒಳಗೆ ಹೋಗಿ ಕತ್ತರಿ ತಂದ.