ಹೆಂಗಸಿಗೆ ಕಾಯಿಲೆಯಾದರೆ ‘ಹೀನ್’ ಅನ್ನಬೇಕಾ?

ಐರಿಶ್ ಕಲಿಯಲು ಹೊರಟವರು ತಪ್ಪದೆ ಕೇಳುವ ಪ್ರಶ್ನೆ: ಗಂಡಸಿಗೆ ಕಾಯಿಲೆಯಾದರೆ ‘ತೀನ್’, ಹೆಂಗಸಿಗಾದರೆ ‘ಹೀನ್’, ಅಲ್ವಾ? ಅಲ್ಲ. ಮತ್ತೆ ಮತ್ತೆ ಬಾಯಿಬಿಟ್ಟು ಹೇಳುವುದು ಸಾಕಾಗಿದೆ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

‘ತೀನ್’ ಅಂದರೆ ಕಾಯಿಲೆ ಬಿದ್ದ, ನೋಯುವ. ಬರೆಯುವುದು ಟಿ, ಐ, ಎರಡು ಎನ್. ನಾನು ಕೊಡುತ್ತಿರುವುದು ಐರ್ಲೆಂಡಿನ ಪಶ್ಚಿಮದ ಕಾನಾಕ್ಟ್ ಕಡೆಯ ಉಚ್ಚಾರ. ದಕ್ಷಿಣದ ಮನ್‌ಸ್ಟರ್‌ನಲ್ಲಿ ‘ತೈನ್’ ಎಂದು ಕೇಳಿಸುತ್ತದೆ. ‘ತಾ ಶೇ ತೀನ್’, ಅವನಿಗೆ ಹುಷಾರಿಲ್ಲ. ‘ತಾ ಶೀ ತೀನ್’, ಅವಳಿಗೆ ಹುಷಾರಿಲ್ಲ. ಅವರಿಗೆಲ್ಲ ಹುಷಾರಿಲ್ಲದಿದ್ದರೂ ‘ತಾ ಶೀಅದ್ ತೀನ್’. ಇಲ್ಲಿ ಪದ ಒಂದಿಷ್ಟೂ ಅಲ್ಲಾಡುವುದಿಲ್ಲ.

ಅಲ್ಲಾಡುವುದು ನಾಮಪದದ ಬೆನ್ನಿಗೇ ಬಂದು ನಿಂತಾಗ. (ಐರಿಶ್‌ನಲ್ಲಿ ಗುಣವಾಚಕ ನಾಮಪದದ ನಂತರ ಬರುತ್ತದೆ.) ಕಾಯಿಲೆಯ ಗಂಡಸು ‘ಫ್ಯಾರ್ ತೀನ್’, ಕಾಯಿಲೆಯ ಹೆಂಗಸು ‘ಬ್ಯಾನ್ ಹೀನ್’. ಸ್ತ್ರೀಲಿಂಗದ ನಾಮಪದ ತನ್ನ ಹಿಂದೆ ಬರುವ ತಕಾರವನ್ನು ಸಡಿಲಿಸಿ ಹಕಾರ ಮಾಡುತ್ತದೆ; ಬರವಣಿಗೆಯಲ್ಲಿ ಟಿ ಪಕ್ಕ ಎಚ್ ಸೇರುತ್ತದೆ. ಇಷ್ಟು ನೋಡಿಯೇ ಎಲ್ಲರೂ ತೀರ್ಮಾನಕ್ಕೆ ಹಾರುವುದು. ‘ಕಾಲೀನ್’ ಅಂದರೆ ಹುಡುಗಿ, ಆದರೆ ವ್ಯಾಕರಣದಲ್ಲಿ ಅದು ಪುಲ್ಲಿಂಗ! ಕಾಯಿಲೆಯ ಹುಡುಗಿ ‘ಕಾಲೀನ್ ತೀನ್’. ಕಾಲಿಗೆ ‘ಕೊಸ್’ ಅನ್ನುತ್ತಾರೆ, ಸ್ತ್ರೀಲಿಂಗ. ಗಡ್ಡದ ಮುದುಕನ ಕಾಲಾದರೂ ನೋಯುವ ಕಾಲು ‘ಕೊಸ್ ಹೀನ್’. ಲಿಂಗ ಇರುವುದು ಪದಕ್ಕೆ, ರೋಗಿಗಲ್ಲ. ಅರ್ಥ ನೋಡಿ ಲಿಂಗ ಹೇಳುವುದು ಕನ್ನಡದ ರೂಢಿ, ಅದನ್ನು ಅಲ್ಲಿಗೆ ಹೊತ್ತೊಯ್ಯಬೇಡಿ.

ಬಹುವಚನದಲ್ಲಿ ಕೊನೆಗೊಂದು ಸ್ವರ ಸೇರಿ ‘ತೀನ್ಯ’. ಕಾಯಿಲೆಯ ಜನ ‘ದೀನ್ಯ ತೀನ್ಯ’. ಗಂಡಸರಾದರೆ ಮಾತ್ರ ‘ಫಿರ್ ಹೀನ್ಯ’, ಯಾಕೆಂದರೆ ‘ಫಿರ್’ ಮೃದು ವ್ಯಂಜನದಲ್ಲಿ (ಬರವಣಿಗೆಯಲ್ಲಿ ಐ ಅಥವಾ ಇ ಅಕ್ಷರದ ಪಕ್ಕ ನಿಲ್ಲುವ ವ್ಯಂಜನ) ಮುಗಿಯುತ್ತದೆ. ಹೌದು, ಹಕಾರ ಗಂಡಸರಿಗೆ ಬಂತು. ಹೋಲಿಕೆಗೂ ಇದೇ ರೂಪ: ‘ನೀಸ್ ತೀನ್ಯ’, ಇನ್ನೂ ಹೆಚ್ಚು ಕಾಯಿಲೆಯ.

ನೀವು ಕೇಳಬೇಕಾಗಿದ್ದದ್ದು ಬೇರೆ: ತಲೆನೋವು ಬಂದರೆ ಏನನ್ನುತ್ತಾರೆ? ಅಲ್ಲಿ ಗುಣವಾಚಕವೇ ಬೇಡ, ‘ತೀನ್ಯಸ್’ ಎಂಬ ನಾಮಪದ ಸಾಕು. ‘ತಾ ತೀನ್ಯಸ್ ಕೀನ್ ಒರಂ’, ತಲೆಯ ನೋವು ನನ್ನ ಮೇಲಿದೆ. ನಾವು ‘ನನಗೆ ತಲೆನೋವು’ ಅಂದ ಹಾಗೆಯೇ, ಅಲ್ಲೂ ನೋವಿಗೆ ಮನುಷ್ಯ ಕರ್ತೃವಲ್ಲ. ನಿನ್ನ ಮೇಲಿದ್ದರೆ ‘ಒರ್ತ್’, ಅವನ ಮೇಲೆ ‘ಎರ್’, ಅವಳ ಮೇಲೆ ‘ಇರ್ಹಿ’. ಅವನು, ಅವಳು ಎಂಬ ಭೇದ ಬೇಕೆಂದರೆ ಇಲ್ಲಿದೆ, ಇದನ್ನು ಬಾಯಿಪಾಠ ಮಾಡಿ.