ಎರಡು ಮೂಗಿನ ಅಜ್ಜಿ: ಟೈಟನ್ ಪೆಟ್ಟಿಗೆಯ ಏಳನೇ ವಾರ

ಕೊನೆಗೂ ಅಜ್ಜಿ ಒಬ್ಬಳಾದಳು. ನಿನ್ನೆ ರಾತ್ರಿ ಹನ್ನೊಂದೂವರೆಗೆ. ಕರೆಂಟ್ ಬಂದು ಐದು ನಿಮಿಷ ಆಗಿತ್ತು. ಮತ್ತೆ ಹೋಗುವುದರೊಳಗೆ ಎರಡು ಫೋಟೊ ಹೊಡೆದುಕೊಂಡೆ.

ಹೊಸಬರಿಗೆ ಎರಡೇ ಮಾತು. ಇದು 1:24 ಅಳತೆಯ ಮಾದರಿ ಪೆಟ್ಟಿಗೆ, ಅಂದರೆ ಎಲ್ಲವೂ ನಿಜದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಒಳಗೆ ಶನಿಯ ಚಂದ್ರ ಟೈಟನ್ ಮೇಲೆ ಇಳಿದವರ ಗುಡಾರ. ನಾಲ್ಕು ಜನ ಊಟದ ಮೇಜಿನ ಸುತ್ತ ಕೂತಿದ್ದಾರೆ. ಕುರ್ಚಿ ಮಾತ್ರ ಐದು. ಗುಂಡಿ ಒತ್ತಿದರೆ ಖಾಲಿ ಕುರ್ಚಿಯಲ್ಲಿ ಒಬ್ಬಳು ಅಜ್ಜಿ ನಿಧಾನವಾಗಿ ಮೂಡುತ್ತಾಳೆ. ಅಲ್ಲಿನ ಮೀಥೇನ್ ಕೆರೆಯೊಳಗೆ ಕೂತ ಯಾವುದೋ ಬುದ್ಧಿ, ಇವರ ನೆನಪಿನ ಪೆಟಾರಿಗೆ ಕೈ ಹಾಕಿ ಎತ್ತಿ ತೋರಿಸುತ್ತಿರುವ ಅಜ್ಜಿ.

ಮಂಗಳ ಬಿಟ್ಟು ಟೈಟನ್ ಯಾಕೆ ಅಂತ ತುಂಬ ಜನ ಕೇಳಿದರು. ಮಳೆ ಸುರಿದು, ಹೊಳೆ ಹರಿದು, ಕೆರೆ ತುಂಬುವ ಜಾಗ ಭೂಮಿ ಬಿಟ್ಟರೆ ನಮಗೆ ಗೊತ್ತಿರುವುದು ಅದೊಂದೇ. ನೀರಲ್ಲ, ಚಳಿಗೆ ದ್ರವವಾದ ಮೀಥೇನ್ ಅನಿಲ. ಚಳಿ ಸುಮಾರು ಮೈನಸ್ 179 ಡಿಗ್ರಿ. ಆದರೂ ಮಳೆ ಮಳೆಯೇ ಅಲ್ವಾ, ತೀರ್ಥಹಳ್ಳಿಯವನಿಗೆ ಇನ್ನೇನು ಬೇಕು? ಅಲ್ಲಿ ಗುರುತ್ವ ನಮ್ಮದರ ಏಳರಲ್ಲಿ ಒಂದು ಪಾಲು, ಗಾಳಿ ದಪ್ಪ. ಹಾಗಾಗಿ ಹನಿಗಳು ಅವಸರವಿಲ್ಲದೆ ತೇಲಿಕೊಂಡು ಇಳಿಯುತ್ತವೆ. ಆಗುಂಬೆ ಮಳೆ ಕಂಡವರು ಅದನ್ನು ಮಳೆ ಅಂತ ಒಪ್ಪುವುದು ಕಷ್ಟ. ಇನ್ನೊಂದು ಅನುಕೂಲವೂ ಇದೆ. ಅಲ್ಲಿಂದ ರೇಡಿಯೊ ಮಾತು ಭೂಮಿಗೆ ಬರಲು ಒಂದು ಗಂಟೆಗೂ ಜಾಸ್ತಿ ಬೇಕು, ಉತ್ತರಕ್ಕೆ ಮತ್ತೊಂದು ಗಂಟೆ. "ನಮ್ಮಜ್ಜಿ ಊರಲ್ಲೇ ಇದ್ದಾಳಾ ನೋಡಿ ಹೇಳಿ" ಅಂತ ಕೇಳಿದರೆ, ಉತ್ತರ ಬರುವುದರೊಳಗೆ ಅಜ್ಜಿ ಎರಡು ಸಲ ಕವಳ ಹಾಕಿ ಉಗಿದಿರುತ್ತಾಳೆ.

ಖಾಲಿ ಕುರ್ಚಿ ನನ್ನ ಸ್ವಂತ ತಲೆಯದ್ದಲ್ಲ. 1916ರಲ್ಲಿ ಅಂಟಾರ್ಕ್ಟಿಕ ಯಾತ್ರಿ ಶ್ಯಾಕಲ್ಟನ್ ಮತ್ತಿಬ್ಬರು ದಕ್ಷಿಣ ಜಾರ್ಜಿಯಾ ದ್ವೀಪದ ಹಿಮದ ಗುಡ್ಡ ದಾಟುವಾಗ, ತಾವು ಮೂವರಲ್ಲ, ನಾಲ್ವರು ಅಂತ ಅನ್ನಿಸುತ್ತಲೇ ಇತ್ತು. ಅನ್ಯಗ್ರಹದ ಬುದ್ಧಿ ಬೇಕೇ ಆಗಲಿಲ್ಲ. ಚಳಿ, ಸುಸ್ತು, ಸುತ್ತ ಬರೀ ಬಿಳಿ. ಅಷ್ಟಕ್ಕೇ ಒಬ್ಬ ಜಾಸ್ತಿಯಾದ.

ಗೋಡೆ, ಪೇಂಟು, ವೈರಿಂಗ್ ಎಲ್ಲ ಮಾಮೂಲಿ, ಬಿಡಿ. ಒಂದೇ ವಿಷಯ. ಗುಡಾರದ ಒಳಗೋಡೆಗೆ ಅಡಿಕೆ ಹಾಳೆ ಅಂಟಿಸಿದ್ದೆನಲ್ಲ, ಈ ಮಳೆಗೆ ಅದಕ್ಕೆ ನಿಜವಾದ ಬೂಷ್ಟು ಹಿಡಿಯಿತು. ಒರೆಸಲಿಲ್ಲ. ಅಂಥ ಹಸಿರು-ಬೂದಿ ಬಣ್ಣ ಬ್ರಶ್ಶಿನಲ್ಲಿ ಬರುವುದಿಲ್ಲ.

ಈಗ ಅಜ್ಜಿಯ ಗೋಳು.

ವಿಧಾನ ಹಳೆಯ ಪೆಪ್ಪರ್ಸ್ ಘೋಸ್ಟ್. 1862ರಲ್ಲಿ ಲಂಡನ್ನಿನ ನಾಟಕದ ಮಂದಿಯನ್ನು ಬೆಚ್ಚಿಬೀಳಿಸಿದ ಅದೇ ತಂತ್ರ. 45 ಡಿಗ್ರಿ ಓರೆಯಾಗಿ ಗಾಜು, ಪಕ್ಕದ ಕತ್ತಲೆ ಗೂಡಿನಲ್ಲಿ ಅಜ್ಜಿ, ಅವಳ ಮೇಲೆ ಬೆಳಕು ಏರಿಸಿದರೆ ಗಾಜಿನಾಚೆ ಪ್ರತಿಬಿಂಬ. ಕಿಟಕಿ ರಿಪೇರಿಯಲ್ಲಿ ಉಳಿದ 4 ಎಂಎಂ ಗಾಜು ಮನೆಯಲ್ಲೇ ಇತ್ತು. ಹಾಕಿದೆ. ಗುಂಡಿ ಒತ್ತಿದೆ. ಅಜ್ಜಿಗೆ ಎರಡು ಮೂಗು, ನಾಲ್ಕು ಕಣ್ಣು.

ಕಾರಣ ಗೊತ್ತಿರುವುದೇ. ಗಾಜಿಗೆ ಎರಡು ಮೈ. ಮುಂದಿನದ್ದೊಂದು ಬಿಂಬ, ಹಿಂದಿನದ್ದೊಂದು ಬಿಂಬ. 45 ಡಿಗ್ರಿಯಲ್ಲಿ ಎರಡರ ನಡುವೆ ಗಾಜಿನ ದಪ್ಪದ ಮುಕ್ಕಾಲು ಪಾಲು ಅಂತರ ಬೀಳುತ್ತದೆ. ಅಂದರೆ 3 ಎಂಎಂ. ನಾಟಕದ ರಂಗದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಅಜ್ಜಿಯ ಇಡೀ ಮುಖವೇ 9 ಎಂಎಂ!

ಸರಿ, ತೆಳು ಗಾಜು ತರೋಣ ಅಂತ ಶಿವಮೊಗ್ಗಕ್ಕೆ ಹೋದೆ. 2 ಎಂಎಂ ಕೇಳಿದರೆ ಅಂಗಡಿಯವರು "ಫೋಟೊ ಫ್ರೇಮಿಗಾ? ಫೋಟೊ ಕೊಡಿ, ನಾವೇ ಹಾಕಿ ಕೊಡ್ತೀವಿ" ಅಂದರು. ನನ್ನ ಹತ್ತಿರ ಫೋಟೊ ಇಲ್ಲ, ದೆವ್ವ ಇದೆ ಅಂತ ಹೇಗೆ ಹೇಳಲಿ? ಸುಮ್ನೆ ವಾಪಸ್ ಬಂದು ಆನ್‌ಲೈನಿನಲ್ಲಿ ಅಕ್ರಿಲಿಕ್ ತರಿಸಿದೆ. ಹನ್ನೊಂದು ದಿನ ಕಾಯಿಸಿದ ಪುಣ್ಯಾತ್ಮ ಅದನ್ನು ಚಾಪೆ ಹಾಗೆ ಸುತ್ತಿ ಕಳಿಸಿದ್ದ. ಅದು ಮತ್ತೆ ನೆಟ್ಟಗಾಗಲೇ ಇಲ್ಲ. ಮೂಗುಗಳು ಹತ್ತಿರ ಬಂದವು ನಿಜ, ಆದರೆ ಮುಖ ಮಾತ್ರ ಸೌಟಿನಲ್ಲಿ ನೋಡಿಕೊಂಡ ಹಾಗೆ ಅಗಲವಾಯಿತು.

ದಪ್ಪವೇ ಶತ್ರು ಅಂದಮೇಲೆ ದಪ್ಪವೇ ಇಲ್ಲದ್ದನ್ನು ಹಾಕಬೇಕು. ಉಡುಗೊರೆಗೆ ಸುತ್ತುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಹತ್ತು ರೂಪಾಯಿ. ಕೂದಲಿನಷ್ಟೂ ದಪ್ಪವಿಲ್ಲ. ಎರಡು ಬಿಂಬ ಇದ್ದರೂ ಕಣ್ಣಿಗೆ ಒಂದೇ. ಚೌಕಟ್ಟಿಗೆ ಎಳೆದು ಅಂಟಿಸಿದೆ. ಸುಕ್ಕು. ಕಿತ್ತು ಮತ್ತೆ ಅಂಟಿಸಿದೆ. ಇನ್ನೊಂದು ಕಡೆ ಸುಕ್ಕು. ಆರು ಹಾಳೆ ಹಾಳಾದವು. ಹೇರ್ ಡ್ರೈಯರ್ ಹಿಡಿದರೆ ಬಿಗಿಯಾಗುತ್ತದೆ ಅಂತ ಹಿಡಿದೆ, ಏಳನೆಯದಕ್ಕೆ ತೂತು.

ಅವತ್ತು ಭಾವ ಬಂದಿದ್ದರು. ಮದ್ದಲೆ ಬಾರಿಸುವವರು. ಸ್ವಲ್ಪ ಹೊತ್ತು ನೋಡಿ, "ಒಂದು ಕಡೆಯಿಂದ ಎಳೀತಾ ಹೋದ್ರೆ ಸುಕ್ಕು ಬೀಳ್ದೆ ಇನ್ನೇನಾಗುತ್ತೆ ಮಾರಾಯ? ಎದುರುಬದುರು ಬಿಗಿ. ಸ್ವಲ್ಪ ಸ್ವಲ್ಪ. ಮತ್ತೆ ಚೌಕ ಯಾಕೆ? ಚೌಕದ ಮದ್ದಲೆ ಎಲ್ಲಾದ್ರೂ ಕಂಡಿದ್ದೀಯಾ?" ಅಂದರು.

ಅತ್ತಿಗೆಯ ಕಸೂತಿ ರಿಂಗು, 12 ಇಂಚಿನದ್ದು, ಕೇಳದೇ ಎತ್ತಿಕೊಂಡೆ. ಸ್ಕ್ರೂ ಸಡಿಲ ಮಾಡಿ, ಹಾಳೆ ಹಾಕಿ, ಎದುರುಬದುರಾಗಿ ಎಳೆದು, ಸ್ಕ್ರೂ ಬಿಗಿದು, ಆಮೇಲೆ ದೂರದಿಂದ ಬಿಸಿ ಗಾಳಿ. ಬೆರಳಲ್ಲಿ ತಟ್ಟಿದರೆ ಟಣ್ ಅಂತು. ಓರೆ ಇಟ್ಟಾಗ 12 ಇಂಚು ಮುಂದಿನಿಂದ ಎಂಟೂವರೆಯಷ್ಟೇ ಕಾಣುತ್ತದೆ, ನನಗೆ ಧಾರಾಳ. ರಿಂಗಿನ ಅಂಚು ಮರೆಮಾಡಲು ನೋಡುವ ಕಿಂಡಿಯನ್ನೇ ಮೊಟ್ಟೆ ಆಕಾರಕ್ಕೆ ಕತ್ತರಿಸಿದೆ. ಈಗ ಅದು ಹಡಗಿನ ಕಿಟಕಿ ಹಾಗೇ ಇದೆ, ಮೊದಲಿನಿಂದಲೂ ಹಾಗೇ ಯೋಚಿಸಿದ್ದೆ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ.

ಅಜ್ಜಿ ಒಬ್ಬಳಾದಳು. ಆದರೆ ಕೂತದ್ದು ಕುರ್ಚಿ ಮೇಲಲ್ಲ, ನಾಲ್ವರಲ್ಲಿ ಒಬ್ಬರಾದ ಭೂವಿಜ್ಞಾನಿಯ ತೊಡೆ ಮೇಲೆ.

ಇದಕ್ಕೆ ಪಿಯುಸಿ ಲ್ಯಾಬು ನೆನಪಾಯಿತು. ಕುರ್ಚಿಯಲ್ಲಿ ಒಂದು ಗುಂಡುಪಿನ್ನು ನಿಲ್ಲಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು. ಪಿನ್ನೂ ಅಜ್ಜಿಯೂ ಒಟ್ಟಿಗೇ ಸರಿದರೆ ಇಬ್ಬರೂ ಒಂದೇ ಜಾಗದಲ್ಲಿದ್ದಾರೆ. ಒಬ್ಬರು ಹಿಂದೆ ಬಿದ್ದರೆ ಗೂಡಿನಲ್ಲಿ ಅಜ್ಜಿಯನ್ನು ಸರಿಸಬೇಕು. ಹೀಗೆ ಒಂದು ಹಿಂದೆ ಒಂದು ಮುಂದೆ ಸರಿದಂತೆ ಕಾಣುವುದೇ ಪ್ಯಾರಲಾಕ್ಸ್. ಅವತ್ತು ಅದರ ಕಾಟಕ್ಕೆ ರೀಡಿಂಗನ್ನು ಪಕ್ಕದವನಿಂದ ಕಾಪಿ ಹೊಡೆದಿದ್ದೆ. ಇಪ್ಪತ್ತು ವರ್ಷದ ಮೇಲೆ ಆ ಪ್ರಯೋಗ ನಿಜವಾಗಿ ಮಾಡಿದಂತಾಯಿತು.

ಬೆಳಕಿನ ಲೆಕ್ಕ ನೆನಪಿಡಿ. ಈ ಹಾಳೆ ಬಿದ್ದ ಬೆಳಕಿನ ಹತ್ತರಲ್ಲೊಂದು ಪಾಲನ್ನಷ್ಟೇ ಮರಳಿಸುತ್ತದೆ. ಅಜ್ಜಿಗೆ ಭರ್ಜರಿ ಎಲ್ಇಡಿ, ಮೇಜಿಗೆ ಮಂದ. ಗೂಡಿಗೆ ಕಪ್ಪು ಡ್ರಾಯಿಂಗ್ ಶೀಟ್ ಬೇಡ, ಹೊಳೆಯುತ್ತದೆ. ಕಪ್ಪು ಮಖಮಲ್ಲೇ ಹಾಕಿ.

ಅಜ್ಜಿ ಮೂಡುವ ಮೊದಲು ಎರಡು ಸಣ್ಣ ಮಿಂಚನ್ನೂ ಸೇರಿಸಿದ್ದೇನೆ. ಅಪೊಲೊ 11ರವರಿಗೆ ಕಣ್ಣು ಮುಚ್ಚಿದರೂ ಮಿಂಚು ಕಾಣುತ್ತಿತ್ತು. ಕಾಸ್ಮಿಕ್ ಕಿರಣ ಕಣ್ಣಿನೊಳಗೆ ಹಾಯುವುದರಿಂದ ಹಾಗಾಗುತ್ತದೆ. ನನ್ನ ಯಾತ್ರಿಗಳಿಗೂ ಅದು ಗೊತ್ತು. ಹಾಗಾಗಿ ಮೊದಲ ಮಿಂಚನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆರೆಯೊಳಗಿನದ್ದು ನುಸುಳುವುದು ಅದೇ ಸಂದಿಯಲ್ಲಿ.

ನಡುವೆ ಒಂದು ಮಾತು. ಮುಂದಿನ ಮಾದರಿ ಜೋಗ ಜಲಪಾತ. 1:100. 253 ಮೀಟರ್ ಅಂದರೆ ಎರಡೂವರೆ ಮೀಟರ್, ಅಡಿಕೆ ಅಟ್ಟದಿಂದ ಇಳಿಬಿಡಬಹುದು. ನೀರು ಮಾತ್ರ ಚಿಕ್ಕದಾಗುವುದಿಲ್ಲ, ನಲ್ಲಿ ಬಿಟ್ಟ ಹಾಗೆ ಕಾಣುತ್ತದೆ. ಅದಕ್ಕೆ ನೂರರ ವರ್ಗಮೂಲ, ಅಂದರೆ ಹತ್ತು ಪಟ್ಟು ನಿಧಾನ ಮಾಡಿ ತೋರಿಸಬೇಕು. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿದು 24ರಲ್ಲಿ ಓಡಿಸಿದರೆ ಬೀಳುವ ವೇಗ ಸರಿಹೋಗುತ್ತದೆ. ರಾಜ ಸುಲಭ. ರೋರರ್ ಕಾಟ ಕೊಡುತ್ತದೆ ಅಂತ ಈಗಲೇ ಅನ್ನಿಸುತ್ತಿದೆ.

ಬೆಳಿಗ್ಗೆ ಅತ್ತೆಗೆ ಪೆಟ್ಟಿಗೆ ತೋರಿಸಿದೆ. ಅಜ್ಜಿಯ ಗೊಂಬೆ ಮಾಡಿದ್ದು ನಮ್ಮಜ್ಜಿಯ ಫೋಟೊ ನೋಡಿ. ಅಂದರೆ ಅವರ ಅಮ್ಮ. ಕಿಂಡಿಗೆ ಕಣ್ಣಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ, "ಅಮ್ಮ ಯಾವಾಗ ಎಡಗೈಲಿ ಕವಳ ಹಾಕ್ತಿದ್ಲು?" ಅಂದರು. ಮತ್ತೆ ನೋಡಿ, "ಸೆರಗೂ ಬಲಗಡೆ."

ಕನ್ನಡಿ! ಏಳು ವಾರ ಮೂಗು ಎಣಿಸುವುದರಲ್ಲಿ ಎಡಬಲ ಮರೆತೇಹೋಗಿತ್ತು.

ಮಧ್ಯಾಹ್ನದವರೆಗೆ ತಲೆ ಕೆಟ್ಟಿತ್ತು. ಆಮೇಲೆ ಹಾಗೇ ಬಿಡುವುದು ಅಂತ ತೀರ್ಮಾನಿಸಿದೆ. ಕೆರೆಯೊಳಗಿನದ್ದಕ್ಕೆ ಎಡಬಲ ಏನು ಗೊತ್ತು? ಅದು ಒಳಗಿನಿಂದ ಓದಿ ತಿರುವುಮುರುವಾಗಿ ಬರೆದಿದೆ. ನಾಲ್ವರಲ್ಲಿ ಮೂವರು ಮೈಮರೆತು ಕೂತಿದ್ದಾರೆ. ಮೊಮ್ಮಗಳು ಒಬ್ಬಳು ಮಾತ್ರ ಆ ಕೈಯನ್ನೇ ನೋಡುತ್ತಿರಬೇಕು. ಅವಳ ಕುತ್ತಿಗೆ ಕತ್ತರಿಸಿ ಹತ್ತು ಡಿಗ್ರಿ ತಿರುಗಿಸಿ ಅಂಟಿಸಿದ್ದೇನೆ, ಒಣಗುತ್ತಿದೆ.

ಅತ್ತೆಗೆ ಇದು ಒಪ್ಪಿಗೆಯಿಲ್ಲ. "ನಿನ್ನ ಕಥೆ ಏನಾದ್ರೂ ಇರ್ಲಿ, ಅಮ್ಮನ್ನ ಸರಿ ಮಾಡು" ಅಂದಿದ್ದಾರೆ. ಅವರು ಬಂದಾಗ ಇಡಲು ಇನ್ನೊಬ್ಬಳು ಅಜ್ಜಿ ಬೇಕು, ಎಡಚಿ, ಬಲಸೆರಗಿನವಳು. ಎರಡು ಪ್ಯಾಕೆಟ್ ಎಂ-ಸೀಲ್ ತಂದಿಟ್ಟಿದ್ದೇನೆ. ಕಸೂತಿ ರಿಂಗಿನ ಸುದ್ದಿ ಅತ್ತಿಗೆಗೆ ಇನ್ನೂ ಗೊತ್ತಾಗಿಲ್ಲ.