ಸುರಂಗ, ಹಬೆ ಮತ್ತು ನನ್ನ ಎರಡು ಸಾವಿರ ರನ್‌ಗಳು

ಡಿಸೆಂಬರ್ ಬೆಳಿಗ್ಗೆ ಕಾಸರಗೋಡಿನ ಪೆರ್ಲದ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಬಾಟಲಿ ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿಯಾಗುತ್ತದೆ. ಅಮ್ಮ ಅದನ್ನು ಬಚ್ಚಲೊಲೆಯ ದಂಡೆಯಲ್ಲಿ ಇಡುತ್ತಾರೆ, ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ. ನಿನ್ನ ಕೆಲಸ ಎಂತದು ಅಂತ ಯಾರಾದರೂ ಕೇಳಿದರೆ ಈಗ ನಾನು ಈ ಬಾಟಲಿಯನ್ನೇ ತೋರಿಸುತ್ತೇನೆ. ನೆಲದಡಿಯ ದಪ್ಪ ಎಣ್ಣೆಯನ್ನು ಬಿಸಿ ಮಾಡಿ ಇಳಿಸಬೇಕು, ಎಷ್ಟು ಕಮ್ಮಿ ಸೌದೆಯಲ್ಲಿ ಇಳಿಸಬಹುದು ಅಂತ ಕಂಪ್ಯೂಟರಿನಲ್ಲಿ ಹುಡುಕಬೇಕು. ಅಷ್ಟೇ.

ಕೆನಡಾದ ಆಲ್ಬರ್ಟಾದಲ್ಲಿರುವ ಈ ದಪ್ಪ ಎಣ್ಣೆ, ಅಂದರೆ ಬಿಟುಮೆನ್, ತೆಂಗಿನೆಣ್ಣೆಯ ಹಾಗೆ ಹೆಪ್ಪುಗಟ್ಟಿದ್ದಲ್ಲ, ಅದರ ಗುಣವೇ ಅಷ್ಟು ದಪ್ಪ. ನೆಲದೊಳಗಿನ ತಣ್ಣಗಿನ ಸ್ಥಿತಿಯಲ್ಲಿ ನೀರಿಗಿಂತ ಹತ್ತು ಲಕ್ಷ ಪಟ್ಟು ದಪ್ಪ ಇರಬಹುದು. 200 ಡಿಗ್ರಿ ದಾಟಿಸಿದರೆ ಅದೇ ಸರಾಗ ಹರಿಯುತ್ತದೆ. ರೋಜರ್ ಬಟ್ಲರ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಒಂದರ ಮೇಲೊಂದು, ನಡುವೆ ಸುಮಾರು 5 ಮೀಟರ್ ಬಿಟ್ಟು, ಎರಡು ಅಡ್ಡ ಬಾವಿ ಕೊರೆಯುವುದು. ಮೇಲಿನದರಲ್ಲಿ ಹಬೆ ಬಿಡುವುದು. ಬಿಸಿಗೆ ತೆಳುವಾದ ಎಣ್ಣೆ ತನ್ನ ಭಾರಕ್ಕೆ ತಾನೇ ಕೆಳಗಿನದಕ್ಕೆ ಇಳಿಯುತ್ತದೆ. ಈ ಕ್ಷೇತ್ರದವರು ಇದನ್ನು ಸ್ಯಾಗ್-ಡಿ (ಸ್ಟೀಮ್ ಅಸಿಸ್ಟೆಡ್ ಗ್ರಾವಿಟಿ ಡ್ರೈನೇಜ್) ಅನ್ನುತ್ತಾರೆ.

ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಸುರಂಗವೇ ಅಲ್ವಾ? ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಕೊರೆದು, ನೀರು ತಾನಾಗಿ ಇಳಿದು ಬರುವಂತೆ ಮಾಡಿ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ತರುತ್ತಾರಲ್ಲ, ಪಂಪೂ ಇಲ್ಲ ಕರೆಂಟೂ ಇಲ್ಲ. ಆಮೇಲೆ ಗೊತ್ತಾಯಿತು, ಹೋಲಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ. 1980ರ ದಶಕದಲ್ಲಿ ಈ ವಿಧಾನ ಪರೀಕ್ಷಿಸಲು ಫೋರ್ಟ್ ಮೆಕ್‌ಮರೆ ಹತ್ತಿರ ಬಿಟುಮೆನ್ ಅಂಟಿರುವ ಮರಳಿನ ಪದರದ ಅಡಿಯ ಸುಣ್ಣಕಲ್ಲಿನವರೆಗೆ ಗುಂಡಿ ತೋಡಿ, ಅಲ್ಲಿ ನಿಜವಾಗಿಯೂ ಸುರಂಗ ಮಾಡಿ, ಅದರೊಳಗಿಂದಲೇ ಬಾವಿಗಳನ್ನು ಕೊರೆದಿದ್ದರು.

ಈಗ ಸೌದೆಯ ಲೆಕ್ಕ. ಒಂದು ಬ್ಯಾರೆಲ್ ಎಣ್ಣೆಗೆ ಎರಡರಿಂದ ನಾಲ್ಕು ಬ್ಯಾರೆಲ್ ನೀರನ್ನು ಹಬೆ ಮಾಡಬೇಕು, ಅದಕ್ಕೆ ಗ್ಯಾಸ್ ಸುಡಬೇಕು. ಹಬೆ ಜಾಸ್ತಿಯಾದರೆ ಅದು ಕೆಳಗಿನ ಬಾವಿಯಿಂದ ಸುಮ್ನೆ ಹೊರಗೆ ಬರುತ್ತದೆ. ಹಾಗಾಗದಿರಲಿ ಅಂತ ಆ ಬಾವಿಯ ಮೇಲೆ ಸ್ವಲ್ಪ ದ್ರವ ನಿಲ್ಲಿಸುತ್ತಾರೆ, ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಆದರೆ ಜಾಸ್ತಿ ನಿಂತರೆ ಅದು ತಣ್ಣಗಾಗಿ ಮತ್ತೆ ದಪ್ಪವಾಗುತ್ತದೆ. ಹತ್ತು ಜೋಡಿ ಬಾವಿ, ಐದು ವರ್ಷ, ತಿಂಗಳಿಗೊಂದು ಹಬೆಯ ಪ್ರಮಾಣ ಅಂದರೂ 600 ಸಂಖ್ಯೆಗಳನ್ನು ನಿರ್ಧರಿಸಬೇಕು. ಕೈಲೆಕ್ಕದಲ್ಲಿ ಆಗುವ ಮಾತಲ್ಲ.

ನಾನು ಹೊಸಬನಾಗಿದ್ದಾಗ ಜೆನೆಟಿಕ್ ಅಲ್ಗಾರಿದಮ್, ಅಂದರೆ ಜೀವಿಗಳ ವಿಕಾಸದ ಹಾಗೆ ತಲೆಮಾರು ತಲೆಮಾರಾಗಿ ಒಳ್ಳೆಯ ಉತ್ತರ ಹುಡುಕುವ ವಿಧಾನ, ಹಚ್ಚಿದೆ. ಹಬೆ ಬಿಡುವ 50 ಯೋಜನೆಗಳನ್ನು ತಯಾರಿಸಿ, ಚೆನ್ನಾಗಿರುವುದನ್ನು ಉಳಿಸಿ, ಅವನ್ನು ಬೆರೆಸಿ, ಅಲ್ಲಲ್ಲಿ ಬದಲಿಸಿ, ಹೀಗೆ 40 ತಲೆಮಾರು. ಒಟ್ಟು 2000 ರನ್. ಒಂದೊಂದಕ್ಕೆ ಸಿಮ್ಯುಲೇಟರ್, ಅಂದರೆ ನೆಲದೊಳಗೆ ಏನಾಗುತ್ತದೆ ಅಂತ ಲೆಕ್ಕ ಹಾಕುವ ಪ್ರೋಗ್ರಾಂ, 8 ಗಂಟೆ ತಿನ್ನುತ್ತಿತ್ತು. ಒಂದೇ ಮೆಷಿನ್ ಆಗಿದ್ದರೆ 22 ತಿಂಗಳು ಬೇಕು! ಹಲವು ಮೆಷಿನ್‌ಗಳಿಗೆ ಹಂಚಿ ಹೇಗೋ ಓಡಿಸಿದೆ. ಮೂರನೇ ವಾರ ಲಾಭ ದಿಢೀರ್ ಮೇಲಕ್ಕೆ ಹೋಯಿತು. ಖುಷಿಯಲ್ಲಿ ಬಾಸ್‌ಗೆ ಮೇಲ್ ಕೂಡ ಹಾಕಿಬಿಟ್ಟೆ.

ತೆರೆದು ನೋಡಿದರೆ, ಅದಕ್ಕೆ ಇಷ್ಟವಾದ ಯೋಜನೆಗಳೆಲ್ಲ ಮೂರನೇ ವರ್ಷದಲ್ಲಿ ಸಿಮ್ಯುಲೇಟರನ್ನೇ ಕೆಡವುತ್ತಿದ್ದವು. ರನ್ ಅರ್ಧಕ್ಕೆ ನಿಂತರೆ ಏನು ಮಾಡಬೇಕು ಅಂತ ನಾನು ಕೋಡಿನಲ್ಲಿ ಬರೆದೇ ಇರಲಿಲ್ಲ. ಹಾಗಾಗಿ ಮೊದಲ ವರ್ಷಗಳ ಲಾಭ ಲೆಕ್ಕಕ್ಕೆ ಬಂತು, ಹಬೆ ಜಾಸ್ತಿ ಎಣ್ಣೆ ಕಮ್ಮಿ ಆಗುವ ಕೊನೆಯ ವರ್ಷಗಳ ಖರ್ಚು ಬರಲೇ ಇಲ್ಲ. ಪರೀಕ್ಷೆ ತಪ್ಪಿಸಲು ಶಾಲೆಗೇ ಬೆಂಕಿ ಹಾಕಿದ ಹುಡುಗನ ಹಾಗೆ. ಅದರದ್ದೇನು ತಪ್ಪು, ಲಾಭ ಹೆಚ್ಚಿಸು ಅಂದೆ, ಹೆಚ್ಚಿಸಿತು. ಇನ್ನೊಂದು ಮೇಲ್ ಹಾಕುವಾಗ ಮಾತ್ರ ಕೈ ನಡುಗಿತು.

ಈಗ ಹಾಗೆ ಕುರುಡಾಗಿ ಓಡಿಸುವುದಿಲ್ಲ. ಮೊದಲು ಆ 600 ಸಂಖ್ಯೆಗಳನ್ನು ಇಪ್ಪತ್ತು ಮೂವತ್ತಕ್ಕೆ ಇಳಿಸುತ್ತೇನೆ. ತಿಂಗಳಿಗೊಂದರ ಬದಲು ಆರು ತಿಂಗಳಿಗೊಂದು, ಒಂದೇ ಥರ ವರ್ತಿಸುವ ಬಾವಿಗಳಿಗೆಲ್ಲ ಒಂದೇ ಆಜ್ಞೆ. ಅರುವತ್ತೋ ಎಪ್ಪತ್ತೋ ಪೂರ್ತಿ ರನ್ ಮಾಡಿ, ಅದರಿಂದ ಕ್ಷಣದಲ್ಲಿ ಉತ್ತರ ಕೊಡುವ ಅಂದಾಜು ಮಾದರಿ ಕಟ್ಟುತ್ತೇನೆ. ಅದು ಉತ್ತರದ ಜೊತೆಗೆ ಎಲ್ಲಿ ತನಗೆ ಧೈರ್ಯ ಇಲ್ಲ ಅಂತಲೂ ಹೇಳುತ್ತದೆ. ಮುಂದಿನ ದುಬಾರಿ ರನ್ ಎಲ್ಲಿ ಮಾಡಬೇಕು ಅಂತ ಇವೆರಡನ್ನೂ ತೂಗಿ ನಿರ್ಧರಿಸುವುದು. ನೆಲದೊಳಗೆ ಜೇಡಿಯ ಪದರ ಎಲ್ಲೆಲ್ಲಿದೆ ಅಂತ ಯಾರಿಗೂ ಪಕ್ಕಾ ಗೊತ್ತಿರುವುದಿಲ್ಲ, ಹಬೆಗೆ ಅದು ಮುಚ್ಚಳ ಇದ್ದ ಹಾಗೆ, ಹಾಗಾಗಿ ಒಂದೇ ನಕ್ಷೆ ನಂಬದೆ ಹತ್ತಾರು ಸಾಧ್ಯ ನಕ್ಷೆಗಳ ಮೇಲೆ ಪರೀಕ್ಷಿಸುತ್ತೇನೆ.

ನಮ್ಮೂರಲ್ಲಿ ಸುರಂಗ ಕೊರೆಯುತ್ತಿದ್ದ ಅಜ್ಜ ಒಬ್ಬರಿದ್ದಾರೆ. ಹುತ್ತ, ಬೇಸಿಗೆಯಲ್ಲೂ ಹಸಿರಾಗಿರುವ ಮರ ನೋಡಿ ಜಾಗ ಆರಿಸುತ್ತಿದ್ದರು. ಕೊರೆದ ಪ್ರತಿ ಕೋಲಿಗೆ (ಕೋಲು ಅಂದರೆ ಉದ್ದದ ಅಳತೆ) ಒಂದು ಹಿಡಿ ಮಣ್ಣು ಕೈಯಲ್ಲಿ ಹಿಸುಕಿ, ಮುಂದೆ ಹೋಗುವುದೋ ತಿರುಗುವುದೋ ಬಿಡುವುದೋ ಅಂತ ತೀರ್ಮಾನಿಸುತ್ತಿದ್ದರಂತೆ. ಪ್ರತಿ ಕೋಲಿಗೂ ಕೂಲಿ ಉಂಟಲ್ಲ, ಸುಮ್ಮನೆ ಕೊರೆಯುತ್ತಾ ಹೋದರೆ ಯಾರು ಕೊಡುತ್ತಾರೆ ಅಂದರು. ಮೊನ್ನೆ ಅವರಿಗೆ ಕೆನಡಾದ ಬಾವಿಯ ಚಿತ್ರ ಬಿಡಿಸಿ ತೋರಿಸಿದೆ. ಅಡ್ಡಕ್ಕೆ ಎಷ್ಟು ಕೋಲು ಅಂತ ಕೇಳಿದರು. ಒಂದು ಕಿಲೋಮೀಟರ್, ಅಂದರೆ ಕೋಲಿಗೆ ಎರಡೂವರೆ ಅಡಿಯಂತೆ 1300 ದಾಟುತ್ತದೆ ಅಂದೆ.

ಎಲೆ ಅಡಿಕೆ ಉಗಿದು ಬಂದು ಕೂತರು. "ಅಷ್ಟು ಮಣ್ಣು ಹೊರುವುದು ಯಾರು ಮಾರಾಯ?"